ದುಂಡನೆ ಹರಿಗೋಲು ಹಿಂದಕ್ಕೆ ಹೋದದ್ದು

2003ರ ಜನವರಿ. ತಮ್ಮ ಕ್ರಾಂತಿಕುಮಾರ ಸರಕು ಹಡಗಿನಿಂದ ಕಡಲಿಗೆ ಬಿದ್ದು ಹದಿನೈದು ದಿನವಾಗಿತ್ತು, ಹೆಣ ಸಿಕ್ಕಿರಲಿಲ್ಲ. ಅವನ ಅಂಗಿಯನ್ನಾದರೂ ನೀರಿಗೆ ಬಿಡೋಣವೆಂದು ನಾನು, ಅವ್ವ ಹಡಗಲಿ ಬಳಿ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದೆವು.

ನಡುಹೊಳೆಯಲ್ಲಿ ಅದು ತಿರುಗುವುದನ್ನು ನಿಲ್ಲಿಸಿ, ನೆಟ್ಟಗೆ ಹಿಂದಕ್ಕೆ ಸರಿಯತೊಡಗಿತು. ತಳ ಇಂಜಿನ್ನಿನಂತೆ ನಡುಗಿತು. ತುಟಿಗೆ ಸಿಡಿದ ಹೊಳೆನೀರು ಉಪ್ಪಾಗಿತ್ತು.

"ದುಂಡನೆ ಹರಿಗೋಲಿಗೆ ಹಿಂದು ಮುಂದು ಎಲ್ಲೈತ್ರಿ," ಎಂದ ಅಂಬಿಗ ಓಬಣ್ಣ, ಮುಂದಕ್ಕೆ ಹುಟ್ಟು ಹಾಕುತ್ತಲೇ.

"ಕುಮಾರ ಕೂಗಾಕತ್ಯಾನ, ಫುಲ್ ಅಸ್ಟರ್ನ್ ಅಂತ," ಎಂದಳು ಅವ್ವ. ಹಡಗನ್ನು ಪೂರ್ತಿ ವೇಗದಲ್ಲಿ ಹಿಂದಕ್ಕೆ ಓಡಿಸಲು ಹೇಳುವ ಮಾತದು. ರಜೆಗೆ ಬಂದಾಗ ಅವನೇ ಕಲಿಸಿದ್ದ.

ಬಿಟ್ಟ ದಡಕ್ಕೇ ಬಂದು ಮುಟ್ಟಿದೆವು.

ತಿಂಗಳಾದ ಮೇಲೆ ತಮ್ಮನ ಹಡಗಿನ ಜೊತೆಗಾರನ ಕಾಗದ ಬಂತು. ಬಿದ್ದವನು ದನಿ ಕೇಳಿಸುವಷ್ಟು ಹೊತ್ತೂ ಅದೇ ಮಾತನ್ನು ಕೂಗುತ್ತಿದ್ದನಂತೆ. ಹಡಗು ಹಿಂದಕ್ಕೆ ಹೋಗಲಿಲ್ಲವಂತೆ.