ಹಳೆಯ ಪಿಕಪ್ಪನ್ನೇ ಒಯ್ದವನು

ಏಪ್ರಿಲ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮನ್ಮಥಪ್ಪ ಬೀದರಿನ ನೌಬಾದ ಠಾಣೆಯ ಮೆಟ್ಟಿಲು ಹತ್ತಿದರು. ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಅವರು ಪಿಕಪ್ ಗಾಡಿಗಳನ್ನು ಬಾಡಿಗೆಗೆ ಬಿಡುತ್ತಿದ್ದರು. ನಿನ್ನೆಯವರೆಗೆ ಮೂರು ಗಾಡಿಗಳಿದ್ದವು, ಈಗ ಎರಡೇ ಉಳಿದಿವೆ. ದೂರನ್ನು ಮನೆಯಲ್ಲೇ ಬರೆದು ತಂದಿದ್ದರು. ಅದರ ಕೊನೆಯ ಸಾಲಿನಲ್ಲಿ ಕಳ್ಳನ ಹೆಸರೂ ಇತ್ತು: ಒಂಬತ್ತು ವರ್ಷದಿಂದ ತಮ್ಮಲ್ಲೇ ಚಾಲಕನಾಗಿರುವ ಅಯ್ಯುಬ.

ಇನ್ಸ್‌ಪೆಕ್ಟರ್ ಈಶ್ವರಿ ದೂರನ್ನು ಎರಡು ಸಲ ಓದಿದರು.

"ಅಯ್ಯುಬ ಗಾಡಿ ಒಯ್ಯೂದು ನೀವು ನೋಡೀರೇನ್ರಿ?"

"ನೋಡೂದ್ಯಾಕ ಬೇಕ್ರಿ ಮೇಡಂ? ಕಿಟಕಿ ಕಾಚು ಒಡದಿಲ್ಲ, ವೈರ್ ಕಿತ್ತಿಲ್ಲ. ಚಾವಿ ಹಾಕಿ ಒಯ್ದಾರ. ಆ ಗಾಡಿ ಚಾವಿ ಅವನ ಬಲ್ಲಿನೇ ಇರ್ತದ."

"ಎರಡನೇ ಚಾವಿ?"

"ಆಫೀಸ್‌ನ್ಯಾಗ ಬಸವಣ್ಣನ ಫೋಟೋದ ಹಿಂದ ಮೊಳಿಗಿ ಹಾಕಿರ್ತೇನಿ. ಅದೂ ಇಲ್ಲ."

"ಚಾವಿ ಕಿಸೆದಾಗ ಇಟ್ಕೊಂಡಾಂವ ಮೊಳಿಗಿರೋ ಚಾವಿ ಯಾಕ ಒಯ್ತಾನ್ರಿ?"

ಹೊರಗೆ ಬೇವಿನ ಮರದ ಕೆಳಗೆ ಅಯ್ಯುಬ ಆಗಲೇ ಬಂದು ನಿಂತಿದ್ದ. ಯಾರೂ ಕರೆದಿರಲಿಲ್ಲ. ಸುದ್ದಿ ತಿಳಿದು ತಾನೇ ಬಂದಿದ್ದ. ಒಳಗೆ ಕರೆದಾಗ ಮೊದಲು ಚಾವಿಯನ್ನು ಮೇಜಿನ ಮೇಲಿಟ್ಟ. ನಂತರ ಪ್ಲಾಸ್ಟಿಕ್ ಕವರಿನಿಂದ ಒಂದು ಪತ್ರ ತೆಗೆದ. ಸರ್ಕಾರಿ ಬಸ್ ಚಾಲಕನ ಹುದ್ದೆಗೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಲಬುರಗಿಯಲ್ಲಿ ಅವನ ದಾಖಲೆ ಪರಿಶೀಲನೆ ಇತ್ತು.

"ವಯಸ್ಸಿನ ಪ್ರಕಾರ ಇದು ನಂದು ಕೊನೀ ಸರ್ತಿ ಮೇಡಂ," ಎಂದ. "ಕೇಸಿನ್ಯಾಗ ಹೆಸರು ಬಂತಂದ್ರ ಅಲ್ಲಿಗಿ ಮುಗೀತು. ಮುಂದ ನಿರಪರಾಧಿ ಅಂತ ಆದರೂ ಆ ನೌಕರಿ ನನ್ನ ಸಲುವಾಗಿ ಕಾಯಲ್ಲ."

ಒಂಬತ್ತು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಈಶ್ವರಿ 'ಅಪರಿಚಿತ' ಎಂದು ಬರೆಸಿದರು. ಮನ್ಮಥಪ್ಪ ಅದನ್ನು ನೋಡಿ ಕುರ್ಚಿಯಿಂದ ಎದ್ದರು.

"ಸಂಜಿ ತನಕ ನೋಡ್ತೇನಿ ಮೇಡಂ. ಆಮ್ಯಾಲ ಎಸ್‌ಪಿ ಸಾಹೇಬರ ಬಲ್ಲಿ ಹೋಗಿ ಅವನ ಹೆಸರು ಹಾಕಸ್ತೇನಿ."

"ಸಂಜಿ ತನಕ ಸಾಕ್ರಿ," ಎಂದರು ಈಶ್ವರಿ.

ಹತ್ತೂಕಾಲಿಗೆ ಕೊಳಾರದಲ್ಲಿ ಪಂಚನಾಮೆ ಶುರುವಾಯಿತು. ಪಕ್ಕದ ಗೋದಾಮಿನ ಇಬ್ಬರು ಪಂಚರಾಗಿ ಬಂದರು. ಹೆಡ್ ಕಾನ್‌ಸ್ಟೆಬಲ್ ಅಶ್ವಜಿತ ಬರೆದುಕೊಳ್ಳುತ್ತಿದ್ದ, ಕಾನ್‌ಸ್ಟೆಬಲ್ ಫೈಜಲ ಟೇಪು ಹಿಡಿದು ಅಳೆಯುತ್ತಿದ್ದ. ಕಾವಲುಗಾರ ಕೈಲಾಶ ಆರು ಗಂಟೆಗೆ ಹಾಲು ತರಲು ಹೋಗಿದ್ದ. ಗೇಟಿಗೂ ಆಫೀಸಿಗೂ ಬೀಗ ಹಾಕಿರಲಿಲ್ಲ. ಆರೂ ಮುಕ್ಕಾಲಿಗೆ ಮರಳಿ ಬಂದಾಗ ಗಾಡಿ ಇರಲಿಲ್ಲ. ಗೋದಾಮಿನ ಕ್ಯಾಮೆರಾದಲ್ಲಿ ಆರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಗಾಡಿ ಹೊರಗೆ ಬಂದಿತ್ತು. ಚಾಲಕ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ಮುಂದೆ ನೌಬಾದದ ಕ್ಯಾಮೆರಾದಲ್ಲಿ ಅದೇ ಗಾಡಿ ಭಾಲ್ಕಿ ರಸ್ತೆ ಹಿಡಿದಿತ್ತು.

"ಯಾವ ಗಾಡಿ ಎಲ್ಲಿ ನಿಂತಿತ್ತು, ತೋರಸ್ರಿ," ಎಂದರು ಈಶ್ವರಿ.

ಗೇಟಿನ ಬಳಿ ಹೋದ ವರ್ಷ ಕೊಂಡ ಹೊಸ ಗಾಡಿ. ಬದಿಗೆ ಒಂದು ಸಣ್ಣ ಪಿಕಪ್. ಹೊಸ ಗಾಡಿಯ ಹಿಂದೆ, ಗೋಡೆಗೆ ಒತ್ತಿ ಹನ್ನೊಂದು ವರ್ಷದ ಹಳೆಯ ಗಾಡಿ. ಹೋದದ್ದು ಅದೇ. ಮಣ್ಣಿನ ಗಾಲಿ ಗುರುತುಗಳು ಹೇಳುವಂತೆ, ಕಳ್ಳ ಹೊಸ ಗಾಡಿಯ ಚಾವಿಯನ್ನೂ ಮೊಳೆಯಿಂದ ತೆಗೆದು, ಅದನ್ನು ಬದಿಗೆ ಸರಿಸಿ, ಹಳೆಯದನ್ನು ಹೊರಗೆ ತಂದಿದ್ದ. ಆಮೇಲೆ ಹೊಸದನ್ನು ಮೊದಲಿನ ಜಾಗದಲ್ಲೇ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಚಾವಿಯನ್ನು ಬಸವಣ್ಣನ ಹಿಂದೆ ತೂಗುಹಾಕಿ ಹೋಗಿದ್ದ.

"ಎಂಥಾ ದಡ್ಡ ಕಳ್ಳ ಅದಾನ್ರಿ," ಎಂದ ಫೈಜಲ. "ಹೊಸಾದು ಕೈಯಾಗ ಬಂದಿತ್ತು, ಬಿಟ್ಟು ಹಳೀದು ಒಯ್ದಾನ."

"ದಡ್ಡ ಗಾಲಿಗಿ ಕಲ್ಲು ಕೊಡಲ್ಲ, ಫೈಜಲ," ಎಂದರು ಈಶ್ವರಿ.

ಹಳೆಯ ಗಾಡಿ ನಿಂತಿದ್ದ ಜಾಗದಲ್ಲಿ ಅಶ್ವಜಿತ ಕುಕ್ಕರಗಾಲಲ್ಲಿ ಕೂತ. ಮಣ್ಣಿನಲ್ಲಿ ಎರಡು ಲಿಂಬೆಹಣ್ಣು ಚಪ್ಪಟೆಯಾಗಿ ಬಿದ್ದಿದ್ದವು, ರಸ ಇನ್ನೂ ಒಣಗಿರಲಿಲ್ಲ.

"ಇವು ನೀವು ಇಟ್ಟಿದ್ದೇನ್ರಿ?"

"ನಾವು ಅಮಾಶಿಗಿ ಅಷ್ಟೇ ಇಡ್ತೇವ್ರಿ," ಎಂದರು ಮನ್ಮಥಪ್ಪ. "ಅಮಾಶಿಗಿ ಇನ್ನೂ ಎಂಟು ದಿನ ಅದ."

ಈಶ್ವರಿ ಲಿಂಬೆಹಣ್ಣುಗಳನ್ನು ಜಪ್ತಿ ಮಾಡಿಸಿದರು. ಗಾಡಿ ಕದ್ದು ಬಿಚ್ಚಿ ಮಾರುವವನು ಅದರ ಗಾಲಿಯ ಕೆಳಗೆ ಲಿಂಬೆಹಣ್ಣು ಇಡುವುದಿಲ್ಲ. ದಾರಿಯಲ್ಲಿ ಯಾರಿಗೂ ಏನೂ ಆಗದಿರಲಿ ಎಂದು ಬಯಸುವವನು ಇಡುತ್ತಾನೆ. ಗೋಡೆಗೆ ನೇತುಹಾಕಿದ್ದ ಹಗ್ಗ, ಟಾರ್ಪಾಲಿನ್, ಜ್ಯಾಕ್ ಎಲ್ಲವೂ ಇದ್ದವು. ಕಬ್ಬಿಣದ ಒಂದು ದಪ್ಪ ಸರಪಳಿ ಮಾತ್ರ ಇರಲಿಲ್ಲ.

ಅವರು ಅಯ್ಯುಬನನ್ನು ಬದಿಗೆ ಕರೆದರು.

"ಈ ಮೂರರಾಗ ಆ ಹಳೀ ಗಾಡೀನೇ ಬೇಕು ಅನ್ನೋ ಕೆಲಸ ಯಾವ್ದು?"

"ಎಳಿಯೋ ಕೆಲಸ ಮೇಡಂ. ಹೇರೂದು ಬ್ಯಾರೆ, ಎಳಿಯೂದು ಬ್ಯಾರೆ." ಗಾಡಿಯ ಮಾತು ಬಂದ ಕೂಡಲೇ ಅವನು ಕೈ ಮಾಡಿ ತೋರಿಸುತ್ತ ಹೇಳತೊಡಗಿದ. "ಹೊಸಾದು ಹದಿನೈದು ಕ್ವಿಂಟಲ್ ಚೀಲ ಆರಾಮ ಹೇರ್ತದ. ಆದ್ರ ಅದರ ಹಿಂದಿನ ಹುಕ್ಕು ಬಂಪರಿಗಿ ಕೂಡಿಸ್ಯಾರ. ಭಾರ ಎಳದ್ರ ಬಂಪರ್ ಸಹಿತ ಕಿತ್ತು ಬರ್ತದ. ಸಣ್ಣದಂತೂ ಕೇಳಬ್ಯಾಡ್ರಿ. ಹಳೀದಕ್ಕ ಹುಕ್ಕು ಕೆಳಗಿನ ಚಾಸಿ ಚೌಕಟ್ಟಿಗೇ ವೆಲ್ಡ್ ಆಗ್ಯದ, ಹಿಂದ ಏಳು ಪಾಟಾ ಅವ."

"ಪಾಟಾ ಅಂದ್ರ ಸ್ಪ್ರಿಂಗಿನ ಪಟ್ಟಿ?"

"ಹೌದ್ರಿ. ಅದರ ಮ್ಯಾಲ ಗಾಡೀನೇ ವಜ್ಜಿ, ಭಾರ ಅದ. ಎಲ್ಲಾರೂ ಏರು ಹತ್ತತದೇನು ಅಂತ ಕೇಳ್ತಾರ, ಇಂಜಿನ್ ನೋಡ್ತಾರ. ಇಳಕಲಿನ್ಯಾಗ ಏನಾಗ್ತದಂತ ಯಾರೂ ಕೇಳಲ್ಲ. ಹಿಂದಿನ ಮಷಿನ್ ಮುಂದಿನ ಗಾಡಿಗಿಂತ ಭಾರ ಇತ್ತಂದ್ರ ಅದೇ ಗಾಡೀನ ದಬ್ಬತದ. ಹುಕ್ಕಿನ ಜೋಡಿ ಸರಪಳಿನೂ ಹಾಕಬೇಕು, ಹುಕ್ಕು ಬಿಟ್ರೂ ಮಷಿನ್ ಬಿಡಬಾರ್ದು."

"ಈ ಪಾಠ ಯಾರ್‍ಯಾರಿಗಿ ಹೇಳೀದಿ?"

ಅಯ್ಯುಬ ಕೈ ಮುಗಿದ.

"ನಾ ನೋಡಿಲ್ಲ ಮೇಡಂ. ನೋಡಲಾರದೇ ಒಬ್ಬನ ಹೆಸರು ಹ್ಯಾಂಗ ಹೇಳ್ಲಿ? ನಂದು ಹೋಗ್ತದಂತ ಇನ್ನೊಬ್ಬಂದು ಹಾಳು ಮಾಡ್ಲೇನು?"

ಈಶ್ವರಿ ಒತ್ತಾಯಿಸಲಿಲ್ಲ. ಬೇರೆ ಪ್ರಶ್ನೆ ಕೇಳಿದರು.

"ಹೆಸರು ಬ್ಯಾಡ. ಈ ಅಂಗಳದ ಗಾಡಿ ಎಲ್ಲ್ಯಾರ ಇಳಕಲಿನ್ಯಾಗ ಬಿದ್ದದೇನು?"

"ಎರಡು ತಿಂಗಳ ಹಿಂದ. ಸಣ್ಣ ಗಾಡಿ. ಸ್ಲ್ಯಾಬ್ ಹಾಕೋ ಮಿಕ್ಸರ್ ಎಳಕೊಂಡು ಹೊಂಟಿತ್ತು. ಒಂದು ಹೆಣ್ಣಮಗಳ ಕಾಲು ಮುರೀತು." ಅವನು ತಲೆ ತಗ್ಗಿಸಿದ. "ಹಳೀದು ಕೊಡ್ರಿ ಅಂತ ಮಾಲಕರಿಗಿ ನಾ ಅವತ್ತೇ ಹೇಳಿದ್ದೆ."

ಈ ಅಪಘಾತ ಯಾವ ಠಾಣೆಯಲ್ಲೂ ದಾಖಲಾಗಿರಲಿಲ್ಲ. ಕೇಳಿದರೆ ಮನ್ಮಥಪ್ಪ, "ಸಣ್ಣದ್ರಿ, ಊರಾಗೇ ಕೂಡಿ ಮಾತಾಡಿ ಮುಗಿಸೇವಿ. ಬಾಡಿಗಿಗಿ ಒಯ್ದಾಂವನ ಹೆಸರು ನೆನಪಿಲ್ಲ," ಎಂದರು.

ಹನ್ನೊಂದು ಗಂಟೆಗೆ ಫೈಜಲ ಜೀಪಿನಲ್ಲಿ ಕೂತು ಭಾಲ್ಕಿಯ ಸಿಮೆಂಟ್ ಅಂಗಡಿಗಳಿಗೆ ಫೋನ್ ಹಚ್ಚಿದ. ಈ ಕಡೆ ಕಟ್ಟಡದವರು ಸ್ಲ್ಯಾಬನ್ನು ಹೆಚ್ಚಾಗಿ ಭಾನುವಾರ ಹಾಕುತ್ತಾರೆ, ಆ ದಿನ ಆಳು ಸಿಗುತ್ತಾರೆ. ಯಾರ ಮನೆಯ ಸ್ಲ್ಯಾಬ್ ಯಾವತ್ತು, ಮೇಸ್ತ್ರಿ ಯಾರು ಎಂಬುದು ಸಿಮೆಂಟ್ ಕೊಟ್ಟವನಿಗೆ ಬಾಯಿಪಾಠ. ಮೂರನೆಯ ಅಂಗಡಿಯ ನಿಜಾಮೋದ್ದೀನ ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸಿದ.

"ಹೆಂಡ್ತಿ ಕಾಲು ಮುರದಿದ್ದು? ನಮ್ಮ ಶಿವಕಾಂತ ಮೇಸ್ತ್ರಿ. ಇವತ್ತ ಔರಾದದಾಗ ಗಂಗುಬಾಯಿ ಮನಿ ಸ್ಲ್ಯಾಬ್ ಅವಂದೇ. ಯಾಕ ಸಾಹೇಬ, ನಿಮ್ಮ ಮನೀದೂ ಹಾಕಸೋದೇನು?"

"ಮೊದಲ ಮನಿ ಆಗ್ಲಿ ಚಾಚಾ," ಎಂದು ಫೈಜಲ ಫೋನ್ ಇಟ್ಟ.

ಭಾಲ್ಕಿಯಲ್ಲಿ ಶಿವಕಾಂತನ ಮನೆ ಮುಟ್ಟಿದಾಗ ಹನ್ನೆರಡೂ ಇಪ್ಪತ್ತು. ಮನೆಯ ಮುಂದೆ ಮಿಕ್ಸರ್ ನಿಲ್ಲಿಸುತ್ತಿದ್ದ ಜಾಗ ಖಾಲಿಯಿತ್ತು. ಗಾಲಿಯ ಗುರುತು ಹಸಿಯಾಗಿತ್ತು. ಬಾಗಿಲಲ್ಲೇ ಹಾಸಿಗೆ ಹಾಕಿಕೊಂಡು ಅವನ ಹೆಂಡತಿ ಅನುಸೂಯಾಬಾಯಿ ಕೂತಿದ್ದಳು. ಎಡಗಾಲಿಗೆ ಸಲಾಕೆ ಹಾಕಿ ಪಟ್ಟಿ ಸುತ್ತಿದ್ದರು. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು.

ಈಶ್ವರಿ ಅವಳ ಪಕ್ಕ ನೆಲದ ಮೇಲೆ ಕೂತರು.

"ಕಾಲು ನೋಯ್ತದೇನವ್ವ?"

"ಎದ್ದು ನಿಂತ್ರ ನೋಯ್ತದ್ರಿ. ಅದಕ್ಕ ನಿಂದ್ರಲ್ಲ."

"ಬೆಳಿಗ್ಗಿ ಮಿಕ್ಸರ್ ಯಾವ ಗಾಡಿಗಿ ಕಟ್ಟಿದ?"

ಅವಳು ಪೊಲೀಸರ ಜೀಪು ನೋಡಿದಳು, ಅಶ್ವಜಿತನ ಕೈಯ ಕಾಗದ ನೋಡಿದಳು. ಮೊರ ಕೆಳಗಿಟ್ಟಳು.

"ಯಾರ ಗಾಡಿ ಅಂತ ನಾ ಕೇಳ್ಳಿಲ್ರಿ. ಕೇಳಬೇಕಾಗಿತ್ತು. ಆದ್ರ ಇಲ್ಲೇ ಕೂತು ನೋಡ್ದೆ. ಹುಕ್ಕು ಎರಡು ಸಲ ಎಳದು ನೋಡ್ದ, ಸರಪಳಿ ಹಾಕ್ದ, ಆಳುಗೋಳಿಗಿ ಗಾಡ್ಯಾಗ ಹತ್ತಗೊಡಲಿಲ್ಲ, ನೀವು ಬಸ್ಸಿಗಿ ಬರ್ರಿ ಅಂದ. ಅವತ್ತ ನಾವು ಎಂಟು ಮಂದಿ ಸಣ್ಣ ಗಾಡ್ಯಾಗೇ ಕೂತಿದ್ದೆವು." ಸ್ವಲ್ಪ ತಡೆದು ಹೇಳಿದಳು, "ಈ ಸಲ ಗಾಡಿ ಬರೋಬರ್ ಆರಿಸ್ಯಾನಂತ ನನಗ ಸಮಾಧಾನ ಆತು. ಏನು ಮಾಡ್ಯಾನ್ರಿ ಅವ?"

ಈಶ್ವರಿ ಇದ್ದದ್ದನ್ನು ಇದ್ದಂತೆ ಹೇಳಿದರು. ಅವಳ ಹೇಳಿಕೆ ಬರೆಸಿಕೊಂಡು, ನೀರು ಕುಡಿದು ಎದ್ದರು.

ಔರಾದ ತಲುಪಿದ್ದು ಎರಡು ಗಂಟೆ ಐದು ನಿಮಿಷಕ್ಕೆ. ಗಂಗುಬಾಯಿಯ ಮನೆಯ ಮುಂದೆ ಮಿಕ್ಸರ್ ಗಡಗಡ ತಿರುಗುತ್ತಿತ್ತು. ಬುಟ್ಟಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮನೆಯೊಡತಿ ಆಳುಗಳಿಗೆ ಬಡಿಸಲು ಹುಗ್ಗಿಯ ಪಾತೇಲಿ ಮುಚ್ಚಿಟ್ಟು ಕಾಯುತ್ತಿದ್ದಳು. ರಸ್ತೆಯ ಬದಿಗೆ ಹಳೆಯ ಪಿಕಪ್ ನಿಂತಿತ್ತು. ನಾಲ್ಕೂ ಗಾಲಿಗೆ ಕಲ್ಲು ಕೊಟ್ಟಿದ್ದರು. ನಂಬರ್ ಹೊಂದಿತು. ಮೈಮೇಲೆ ಒಂದು ಗೀರೂ ಇರಲಿಲ್ಲ, ಸಿಮೆಂಟ್ ಧೂಳು ಕೂರದಂತೆ ಇಂಜಿನ್ನಿನ ಮೇಲೆ ಗೋಣಿತಟ್ಟು ಹೊದಿಸಿದ್ದರು.

ಶಿವಕಾಂತ ಸ್ಲ್ಯಾಬಿನ ಮೇಲೆ ನಿಂತು ಪೊಲೀಸರನ್ನು ನೋಡಿದ. ಓಡಲಿಲ್ಲ. ಚಾವಿಯನ್ನು ಮೇಲಿಂದಲೇ ಫೈಜಲನ ಕೈಗೆ ಹಾಕಿದ.

"ಶರಣ್ರಿ ಮೇಡಂ. ಗಾಡಿ ನಾನೇ ತಂದೇನಿ. ಸಂಜಿಕ ಅಲ್ಲೇ ಒಯ್ದು ನಿಂದ್ರಸಾಂವ ಇದ್ದೆ. ಜರಾ ಎರಡು ತಾಸು ಕೊಡ್ರಿ. ಸ್ಲ್ಯಾಬ್ ನಡುವ ನಿಂತ್ರ ಹಸಿದಕ್ಕೂ ಒಣಗಿದ್ದಕ್ಕೂ ನಡುವ ಜೋಡು ಬೀಳ್ತದ, ಈ ಬಾಯಿ ಮನಿ ಕಡೀತನಕ ಸೋರ್ತದ."

"ಸ್ಲ್ಯಾಬ್ ನಾ ನಿಂದ್ರಸಲ್ಲ," ಎಂದರು ಈಶ್ವರಿ. "ಗಾಡಿ ಜಪ್ತಿ ಆಯ್ತು, ನೀನೂ ಎಲ್ಲೂ ಹೋಗಲ್ಲ. ಕೆಲಸ ಮುಗಿಸು. ಆದ್ರ ಒಂದು ಮಾತು ಕೇಳ್ಕೊ. ಗಾಡಿ ಅಯ್ಯುಬ ಕದ್ದಾನ ಅಂತ ಮಾಲಕ ಬರದು ಕೊಟ್ಟಾನ. ನಾಳಿ ಹತ್ತಕ್ಕ ಅಯ್ಯುಬಂದು ಬಸ್ಸಿನ ನೌಕರಿ ಕಾಗದ ನೋಡ್ತಾರ. ಸಂಜಿ ಒಳಗ ಖರೇ ಏನಂತ ಬರೀಲಿಲ್ಲಂದ್ರ ಅವನ ಹೆಸರು ಕೇಸಿನ್ಯಾಗ ಬೀಳ್ತದ."

ಕಾಂಕ್ರೀಟ್ ಸವರುತ್ತಿದ್ದ ಶಿವಕಾಂತನ ಕೈಯ ಥಾಪಿ ಅಲ್ಲೇ ನಿಂತಿತು.

"ಅಯ್ಯುಬ್ ಭಾಯಿ? ಅವ್ರಿಗ್ಯಾಕ್ರಿ?"

"ಚಾವಿ ಅವನ ಬಲ್ಲಿ ಇರ್ತದ ಅಂತ. ಆ ಗಾಡೀನೇ ಆರಿಸೋ ಅಕಲೂ ಅಂಗಳದಾಗ ಅವನಿಗಷ್ಟೇ ಅದ."

ಶಿವಕಾಂತ ಒಂದು ಗಳಿಗೆ ಹಸಿ ಸ್ಲ್ಯಾಬನ್ನು ನೋಡಿದ. ಆಮೇಲೆ ಥಾಪಿಯನ್ನು ಗುಂಪಿನ ಹಿರಿಯ ಬಕ್ಕಪ್ಪನ ಕೈಗೆ ಕೊಟ್ಟ.

"ಕಾಕಾ, ಈ ಮೂಲಿ ಜರಾ ಇಳಕಲಿ ಬರ್ಲಿ, ನೀರು ನಿಂದ್ರಬಾರ್ದು. ನಾ ಹೋಗ್ತೇನಿ."

"ಊಟ ಮಾಡಿ ಹೋಗೋ, ಹುಗ್ಗಿ ಆಗ್ಯದ," ಎಂದ ಬಕ್ಕಪ್ಪ.

"ನೀವು ಉಣ್ರಿ."

ಏಣಿ ಇಳಿದು, ಡ್ರಮ್ಮಿನ ನೀರಲ್ಲಿ ಕೈ ತೊಳೆದು, ತಾನೇ ಬಂದು ಜೀಪಿನ ಬಳಿ ನಿಂತ. ಎರಡೂ ಐವತ್ತಕ್ಕೆ ಬಂಧನದ ಮೆಮೊ ಬರೆದರು. ಮನೆಗೆ ತಿಳಿಸಲು ಅಶ್ವಜಿತ ಅನುಸೂಯಾಬಾಯಿಗೆ ಫೋನ್ ಮಾಡಿದ.

ಸಂಜೆ ಐದೂವರೆಗೆ ನೌಬಾದ ಠಾಣೆಯಲ್ಲಿ ಹೇಳಿಕೆ ದಾಖಲಾಯಿತು. ಫೆಬ್ರವರಿಯಲ್ಲಿ ಶಿವಕಾಂತ ಹಳೆಯ ಗಾಡಿ ಕೇಳಿದ್ದ, ಮನ್ಮಥಪ್ಪ ಸಣ್ಣದನ್ನೇ ಕೊಟ್ಟಿದ್ದರು. ಇಳಿಜಾರಿನಲ್ಲಿ ಮಿಕ್ಸರ್ ಗಾಡಿಯನ್ನು ದಬ್ಬಿತು, ಗಾಡಿ ಮಗುಚಿತು. ಅನುಸೂಯಾಬಾಯಿಯನ್ನು ನೋಡಲು ಬಂದಿದ್ದ ಅಯ್ಯುಬ ಆಸ್ಪತ್ರೆಯ ಬಾಗಿಲಲ್ಲಿ ಅವನಿಗೆ ಮುಂದಿನ ಸಲ ಯಾವ ಗಾಡಿ ಕೇಳಬೇಕು, ಏನೇನು ನೋಡಬೇಕು ಎಂದು ಬಿಡಿಸಿ ಹೇಳಿದ್ದ. ಆಮೇಲೆ ಶಿವಕಾಂತ ಮೂರು ಸಲ ಬಾಡಿಗೆಗೆ ಹಳೆಯದನ್ನು ಕೇಳಲು ಬಂದ. ಭಾನುವಾರ ಅದು ಸುಮ್ಮನೆ ನಿಂತಿರುತ್ತಿತ್ತು, ಆದರೂ ಸಿಗಲಿಲ್ಲ. ಬಸವಣ್ಣನ ಹಿಂದೆ ಚಾವಿಗಳು ತೂಗುವುದನ್ನು ಅವನು ಆಗಲೇ ನೋಡಿದ್ದ.

"ಯಾಕ ಕೊಡಲಿಲ್ರಿ?" ಈಶ್ವರಿ ಮನ್ಮಥಪ್ಪನನ್ನು ಕೇಳಿದರು.

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಕೊಟ್ರ, ಮೊದಲ ಕೊಟ್ಟಿದ್ದು ತಪ್ಪಿತ್ತು ಅಂತ ನಾನೇ ಒಪ್ಪಿದಂಗ ಆಗ್ತಿತ್ರಿ."

ಅದನ್ನೂ ಈಶ್ವರಿ ಬರೆಸಿಕೊಂಡರು. ಅನುಸೂಯಾಬಾಯಿಯ ಹೇಳಿಕೆಯನ್ನು ಪ್ರತ್ಯೇಕ ದೂರಾಗಿ, ಅಪಘಾತ ನಡೆದ ಜಾಗದ ಠಾಣೆಗೆ ಕಳಿಸಿದರು. ಬೇರೆ ಬಾಡಿಗೆ ಗಾಡಿ ಯಾಕೆ ಹುಡುಕಲಿಲ್ಲ ಎಂದು ಶಿವಕಾಂತನನ್ನು ಕೇಳಿದಾಗ, ಅವನು ಹುಡುಕಿದ್ದಾಗಿ ಹೇಳಿದ. ಪ್ರತಿ ಗಾಡಿಯ ಕೆಳಗೂ ಬಗ್ಗಿ ನೋಡಿದ್ದ. ಚಾಸಿಗೆ ಬೆಸೆದ ಹುಕ್ಕು ಎಲ್ಲೂ ಕಾಣದಿದ್ದಾಗ ಅವನಿಗೆ ಆ ಇಳಿಜಾರೇ ಕಣ್ಣಿಗೆ ಬರುತ್ತಿತ್ತು. ಕೇಳದೇ ಒಯ್ಯುವುದು ತಪ್ಪೆಂದು ಗೊತ್ತಿತ್ತು. ಇನ್ನೊಮ್ಮೆ ತಪ್ಪು ಗಾಡಿ ಕಟ್ಟುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ.

ಆರೂ ಹತ್ತಕ್ಕೆ ಅಯ್ಯುಬ ಸಹಿ ಹಾಕಿದ, ಸಾಕ್ಷಿಯ ಕಾಲಂನಲ್ಲಿ. ಈಶ್ವರಿ ಅವನ ಕೈಗೆ ಹೇಳಿಕೆಯ ಪ್ರತಿ ಕೊಟ್ಟು, ಬೆಳಿಗ್ಗೆ ಐದರ ಬಸ್ ತಪ್ಪಿಸಬೇಡ ಎಂದರು. ಅವನು ಬಾಗಿಲವರೆಗೆ ಹೋದವನು ಮರಳಿ ಬಂದ.

"ಮೇಡಂ, ಮಿಕ್ಸರ್ ಔರಾದದಾಗೇ ಅದಲ್ರಿ. ತರೋದಕ್ಕ ಯಾರಾರ ಸಣ್ಣ ಗಾಡಿ ಕಟ್ಟಬಾರ್ದು. ಬುಧವಾರ ನಾ ಬರ್ತೇನಿ, ಬರೋಬರ್ ಗಾಡಿ ಹುಡುಕಿ ತಂದು ಅನುಸೂಯಾಬಾಯಿ ಮನಿ ಮುಂದ ನಿಂದ್ರಸ್ತೇನಿ. ಅಲ್ಲಿ ತನಕ ಯಾರೂ ಅದಕ್ಕ ಕೈ ಹಚ್ಚಬಾರ್ದಂತ ಬಕ್ಕಪ್ಪ ಕಾಕಾಗ ಹೇಳ್ರಿ."

ಲಾಕಪ್ಪಿನೊಳಗೆ ಶಿವಕಾಂತ ಅದನ್ನು ಕೇಳಿಸಿಕೊಂಡ. ಬೆಳಗಿನಿಂದ ಮೊದಲ ಸಲ ಗೋಡೆಗೆ ಬೆನ್ನು ಕೊಟ್ಟು ಕೂತ.