ಡಬ್ಬಿ ತುಂಬ ಲಾತೊ

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದಳು. ತೆಗೆದವಳು ಹಾಗೇ ನಿಂತುಬಿಟ್ಟಳು.

ಪಕ್ಕದಲ್ಲಿದ್ದ ಮೊಮ್ಮಗಳು ರೊವೇನಾ ಇಣುಕಿದಳು. ಬೆಳಿಗ್ಗೆ ಡಬ್ಬಿ ತುಂಬ ಇದ್ದ ಲಾತೊ ಎಲ್ಲಿ? ತಳದಲ್ಲಿ ಒಂದಿಷ್ಟು ಹಸಿರು ನೀರು, ಅದರಲ್ಲಿ ಸೊರಗಿ ಬಿದ್ದ ನಾರು. ಅಷ್ಟೇ!

ಲಾತೊ ಅಂದರೆ ಕಡಲ ಪಾಚಿ. ಪುಟಾಣಿ ಹಸಿರು ದ್ರಾಕ್ಷಿ ಗೊಂಚಲಿನ ಹಾಗಿರುತ್ತದೆ, ಬಾಯಿಗೆ ಹಾಕಿದರೆ ಪಟಪಟ ಒಡೆಯುತ್ತದೆ. ಮಕ್ತಾನ್ ದ್ವೀಪದಲ್ಲಿ ಅದಿಲ್ಲದೆ ಹಬ್ಬದೂಟಕ್ಕೆ ಕಳೆಯೇ ಇಲ್ಲ. ಇವತ್ತು ಶಾಲೆಯಲ್ಲಿ ರೊವೇನಾಳ ಐದನೇ ಕ್ಲಾಸಿನ ಟೀಚರಿಗೆ ಬೀಳ್ಕೊಡುಗೆ ಊಟ. "ಇಸಿದ್ರಾ ಅಜ್ಜಿ ಕಿತ್ತ ಲಾತೊ ತಿನ್ನದೆ ನಾನು ಹೋಗೋದೇ ಇಲ್ಲ" ಎಂದಿದ್ದರು ಟೀಚರ್. ಅದಕ್ಕೇ ಅಜ್ಜಿ ಬೆಳಗಾಗುತ್ತಲೇ ಉಪ್ಪುನೀರಿನ ಕೊಳದಲ್ಲಿ ಸೊಂಟದವರೆಗೆ ಇಳಿದಿದ್ದಳು.

ಮನೆಗೆ ಬಂದು ಅಜ್ಜಿ ಬಟ್ಟೆ ಬದಲಾಯಿಸಲು ಹೋದಾಗ ರೊವೇನಾ ಡಬ್ಬಿಗೆ ವಿನಿಗರ್ ಸುರಿದಿದ್ದಳು. ಹಸಿ ಮೀನು ವಿನಿಗರಿನಲ್ಲಿ ನೆನೆದರೆ ತಾನೇ ರುಚಿ? ಲಾತೊಗೂ ಹಾಗೇ ಅಂದುಕೊಂಡಿದ್ದಳು. ಅಜ್ಜಿ ಯಾವಾಗಲೂ ತಟ್ಟೆಗೆ ಬಡಿಸಿದ ಮೇಲೆಯೇ ಸುರಿಯುವುದು ಬರೀ ಸೋಮಾರಿತನ ಅಂತ ಅವಳ ಲೆಕ್ಕ.

ವಿನಿಗರಿನಲ್ಲಿ ನೆನೆದ ಲಾತೊ ಮೂರೇ ಗಂಟೆಯಲ್ಲಿ ನೀರುಬಿಟ್ಟು ಸೊರಗಿಹೋಗಿತ್ತು.

"ಅಯ್ಯಯ್ಯೋ, ಇದೇನಿದು!" ಎಂದು ಅವಳ ಕ್ಲಾಸಿನ ನಿಲೋನ ಅಮ್ಮ ಕೂಗಿದರು. ಡಬ್ಬಿ ಮೂಸಿ ನೋಡಿ, "ಬೆಳಿಗ್ಗೇನೇ ವಿನಿಗರ್ ಹಾಕ್ಬಿಟ್ರಾ ಅಜ್ಜಿ? ಇಷ್ಟು ವರ್ಷ ಲಾತೊ ಕಿತ್ತೋರು ನೀವು! ಪಾಪ, ಮರೆವು ಶುರುವಾಯ್ತು" ಅಂದರು.

"ಲಾತೊ ಜ್ಯೂಸ್! ಗ್ಲಾಸ್ ತನ್ರೋ!" ಎಂದ ನಿಲೋ. ಹುಡುಗರೆಲ್ಲ ಗೊಳ್ಳೆಂದು ನಕ್ಕರು.

ಅಜ್ಜಿ ಈಗ ಅವರ ಚಳಿ ಬಿಡಿಸುತ್ತಾಳೆ ಎಂದು ರೊವೇನಾ ಕಾದಳು. ಮೀನು ಮಾರ್ಕೆಟ್ಟಿನಲ್ಲಿ ಅಜ್ಜಿಯ ಬಾಯಿಗೆ ಹೆದರದವರಿಲ್ಲ. ಆದರೆ ಅಜ್ಜಿ ತನ್ನ ಸುಕ್ಕು ಬೆರಳುಗಳನ್ನೇ ನೋಡುತ್ತಿದ್ದಳು.

"ಹಾಕಿದ್ನೇನೋ..." ಅಂದಳು ಮೆಲ್ಲಗೆ. "ನಂಗೆ ನೆನಪೇ ಇಲ್ವಲ್ಲ."

ಡಬ್ಬಿ ನೋಡಿದಾಗಲೂ ರೊವೇನಾಗೆ ಇಷ್ಟು ಗಾಬರಿಯಾಗಿರಲಿಲ್ಲ. ಅಜ್ಜಿ ನಂಬಿಬಿಟ್ಟಳು! ರೊವೇನಾ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನೇ ಹಾಕಿದ್ದು" ಅಂದಳು ಸಣ್ಣ ದನಿಯಲ್ಲಿ. "ಅಜ್ಜಿ ಬಟ್ಟೆ ಬದಲಾಯಿಸ್ತಿದ್ದಾಗ ನಾನೇ ಸುರಿದೆ."

ನಗು ನಿಂತಿತು. ಈಗ ಕೆನ್ನೆಗೆ ಬಿತ್ತು ಎಂದು ರೊವೇನಾ ಕಣ್ಣು ಮುಚ್ಚಿಕೊಂಡಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಜ್ಜಿಯ ಮುಖ ತೀರಾ ಹತ್ತಿರದಲ್ಲಿತ್ತು.

"ನಿಜವಾಗ್ಲೂ ನೀನೇನಾ?"

"ಹೂಂ."

"ನಾನಲ್ವಾ?"

"ನೀನಲ್ಲ ಅಜ್ಜಿ."

ಅಜ್ಜಿ ಉಸ್ಸೆಂದು ಕುರ್ಚಿಯ ಮೇಲೆ ಕುಳಿತಳು. ಅವಳು ಹೆದರಿದ್ದು ಲಾತೊ ಹಾಳಾಯಿತೆಂದಲ್ಲ ಎಂಬುದು ರೊವೇನಾಗೆ ಆಗ ತಿಳಿಯಿತು.

"ಇನ್ನೊಂದ್ಸಲ ಹೇಳು" ಅಂದಳು ಅಜ್ಜಿ, ಅವಳ ಕೈ ಹಿಡಿದು.

ರೊವೇನಾ ಇನ್ನೊಮ್ಮೆ ಹೇಳಿದಳು. ಈ ಸಲ ನಿಲೋನ ಅಮ್ಮನಿಗೂ, ಬಾಗಿಲಲ್ಲಿ ನಿಂತವರಿಗೂ ಕೇಳಿಸುವಷ್ಟು ಜೋರಾಗಿ.