ಅಕ್ಕನ ಟೂ-ಸ್ಟ್ರೋಕ್

ಗಾಡಿ ಕದ್ದವನು ಸೀಟಿನ ಮೇಲಿದ್ದ.

ನಾನು ಗಾಡಿಯ ಹಿಂದಿನ ಕಂಬಿ ಹಿಡಿದುಕೊಂಡು ಕೆಸರಿನಲ್ಲಿ ಹೊಟ್ಟೆಯ ಮೇಲೆ ಎಳೆಸಿಕೊಂಡು ಹೋಗುತ್ತಿದ್ದೆ.

ಬಾಯಿ ತುಂಬ ಕೆಸರು. ಮೂಗಿನ ತುಂಬ ಹೊಗೆ. ಕಿವಿಯ ಪಕ್ಕದಲ್ಲೇ ಸೈಲೆನ್ಸರ್... ಅದಕ್ಕೆ ಆ ಹೆಸರಿಟ್ಟವನು ಎಲ್ಲಾದರೂ ಸಿಕ್ಕರೆ ಅವನ ಹತ್ತಿರ ನನಗೆ ಸ್ವಲ್ಪ ಮಾತಾಡುವುದಿದೆ.

"ಕೈ ಬಿಡೋ, ಸಾಯ್ತೀಯ," ಎಂದು ಅವನು ತಿರುಗಿ ಕೂಗಿದ.

"ಬಿಟ್ರೆ ನಮ್ಮಕ್ಕ ಸಾಯಿಸ್ತಾಳೆ," ಅಂದೆ.

ತಮಾಷೆಗೆ ಹೇಳಿದ್ದಲ್ಲ.

ರೇಸ್ ಮೈದಾನದ ಹಿಂದೆ ಸಾಲಾಗಿ ಟೆಂಟುಗಳು. ಒಂದು ಟೆಂಟಿನ ಮುಂದೆ ಹಗ್ಗಕ್ಕೆ ಒಗೆದ ರೇಸ್ ಸೂಟುಗಳನ್ನು ಒಣಹಾಕಿದ್ದರು. ಅವನು ಹಗ್ಗದ ಅಡಿಯಲ್ಲೇ ನುಗ್ಗಿದ. ಹೊರಗೆ ಬಂದಾಗ ಅವನ ತಲೆಯ ಮೇಲೆ ಯಾರದೋ ಪ್ಯಾಂಟು. ಕಣ್ಣು ಕಾಣಿಸಲಿಲ್ಲ. ಗಾಬರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟ.

ಅದೇ ತಪ್ಪು.

ಈ ಹಳೆಯ ಎಂಜಿನ್ ಮೊದಲು ನಿದ್ದೆಗಣ್ಣಿನಲ್ಲಿರುತ್ತದೆ. ಆಮೇಲೆ ಇದ್ದ ಶಕ್ತಿಯನ್ನೆಲ್ಲ ಒಂದೇ ಸಲಕ್ಕೆ ಕೊಡುತ್ತದೆ. ಮುಂದಿನ ಚಕ್ರಗಳು ಆಕಾಶ ನೋಡಿದವು. ಕಳ್ಳ ಹಿಂದಕ್ಕೆ ಜಾರಿ ನೇರವಾಗಿ ನನ್ನ ಬೆನ್ನ ಮೇಲೆ ಬಿದ್ದ. ಗಾಡಿ ಟೈರಿನ ರಾಶಿಗೆ ಒರಗಿ ನಿಂತಿತು.

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ, ಕೇಳಿ. ಬೆನ್ನ ಮೇಲಿದ್ದವನು ಏಳುವುದಕ್ಕೂ ಹೊತ್ತು ಬೇಕಲ್ಲ.

ನಾನು ಪತ್ತೇದಾರ. ಊರಿನ ರೌಡಿಗಳೆಲ್ಲ ನನ್ನನ್ನು 'ಸರ್' ಅನ್ನುತ್ತಾರೆ. ಅಕ್ಕ 'ಪುಟ್ಟ' ಅನ್ನುತ್ತಾಳೆ. ನನ್ನ ತಲೆ ಅರ್ಧ ಬೆಳ್ಳಗಾದ ಮೇಲೂ ಅನ್ನುತ್ತಾಳೆ.

ಅಕ್ಕ ಕ್ವಾಡ್ ರೇಸರ್. ಕ್ವಾಡ್ ಅಂದರೆ ನಾಲ್ಕು ದಪ್ಪ ಚಕ್ರಗಳ ಬೈಕು. ಹ್ಯಾಂಡಲ್ ಬೈಕಿನದು, ಹಠ ಎತ್ತಿನದು. ಅಕ್ಕನದು ಹಳೆಯ ಟೂ-ಸ್ಟ್ರೋಕ್ ಗಾಡಿ. ಅದನ್ನು ಮಾಡಿದ ಕಂಪನಿಯೇ ಅದನ್ನು ಮರೆತು ಕಾಲವಾಯಿತು. ಭಾವನಿಗೆ ಕೆಮ್ಮು ಬಂದರೆ ಮಾತ್ರೆ ತರಲು ನನ್ನನ್ನು ಕಳಿಸುತ್ತಾಳೆ. ಗಾಡಿ ಕೆಮ್ಮಿದರೆ ತಾನೇ ಎದ್ದು ಓಡುತ್ತಾಳೆ.

ಈ ಸಲ ಕ್ಲಬ್ಬಿನ ಅಧ್ಯಕ್ಷರ ಅಳಿಯ ಹೊಸ ಗಾಡಿ ತಂದಿದ್ದ. ಬಟನ್ ಒತ್ತಿದರೆ ಸ್ಟಾರ್ಟ್. ಹ್ಯಾಂಡಲ್ ನಡುವೆ ಅಂಗೈಯಗಲ ಸ್ಕ್ರೀನು. ಅದು ಬಂದದ್ದೇ ತಡ, ಅಧ್ಯಕ್ಷರಿಗೆ ಟೂ-ಸ್ಟ್ರೋಕ್ ಹೊಗೆ ವಾಸನೆ ಬರತೊಡಗಿತು. ಮುಂದಿನ ಸೀಸನ್‌ನಿಂದ ಹಳೆಯ ಗಾಡಿಗಳು ಮೈದಾನಕ್ಕೆ ಬರಕೂಡದು ಎಂದು ಮೀಟಿಂಗಿನಲ್ಲಿ ಹೇಳಿದರು.

ಅಕ್ಕ ಎದ್ದು ನಿಂತಳು.

"ಫೈನಲ್‌ನಲ್ಲಿ ನಿಮ್ಮಳಿಯನ್ನ ಸೋಲಿಸಿದ್ರೆ?"

ಸಭೆಯೆಲ್ಲ ನಕ್ಕಿತು. ನಗುವಿನ ಭರದಲ್ಲಿ ಅಧ್ಯಕ್ಷರು ಮಾತು ಕೊಟ್ಟುಬಿಟ್ಟರು. "ಸೋಲಿಸಮ್ಮಾ, ಟೂ-ಸ್ಟ್ರೋಕ್ ಉಳ್ಕೊಳ್ಳುತ್ತೆ. ಎಲ್ಲರ ಎದುರಿಗೇ ಹೇಳ್ತಿದ್ದೀನಿ."

ಅಕ್ಕ ಫೈನಲ್‌ಗೆ ಬಂದಳು. ಅಧ್ಯಕ್ಷರ ನಗು ನಿಂತಿತು. ಅಕ್ಕ ನನಗೆ ಫೋನ್ ಮಾಡಿ, "ಪುಟ್ಟಾ, ಬಂದು ಗಾಡಿ ಕಾಯಿ," ಅಂದಳು.

ಆ ಮೈದಾನದಲ್ಲಿ ನಗುವ ಹಾಗೆ ಅವಳು ಬೇರೆಲ್ಲೂ ನಗುವುದನ್ನು ನಾನು ನೋಡಿಲ್ಲ. ಅದು ಅವಳ ಕೈತಪ್ಪಿ ಹೋಗುತ್ತದಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಗಿತ್ತು. ಅವಳಿಗೆ ಹೇಳಲಿಲ್ಲ. ಹೇಳಿದರೆ ಬೈಯುತ್ತಿದ್ದಳು.

ಸರಿ. ಈಗ ಕೆಸರಿಗೆ ಬನ್ನಿ.

ಕಳ್ಳನನ್ನು ಮಗುಚಿ ಹಾಕಿ ಎದೆಯ ಮೇಲೆ ಮಂಡಿ ಊರಿದೆ. ಗೂಳಿಯ ಹಾಗಿದ್ದ.

"ಯಾರು ಕಳಿಸಿದ್ದು?"

"ಯಾರೂ ಇಲ್ಲ ಸರ್. ಗಾಡಿ ಚೆನ್ನಾಗಿತ್ತು. ಒಂದು ರೌಂಡ್ ಹೋಗೋಣ ಅಂತ..."

"ಮುಖಕ್ಕೆ ಬಟ್ಟೆ ಕಟ್ಕೊಂಡಾ?"

"ಧೂಳು ಸರ್."

"ಕೆಸರಲ್ಲಿ ಧೂಳಾ?"

ಅವನು ಯೋಚಿಸಿದ. ಅಭ್ಯಾಸವಿಲ್ಲದ ಕೆಲಸ, ಕಷ್ಟಪಟ್ಟ.

ಅಷ್ಟರಲ್ಲಿ ಅಕ್ಕ ಓಡಿ ಬಂದಳು. ನನ್ನ ಕಡೆ ನೋಡಲೇ ಇಲ್ಲ. ಗಾಡಿಯ ಮೈಯೆಲ್ಲ ತಡವಿದಳು.

"ಕಂಬಿ ಬಗ್ಗಿಸಿದ್ದೀಯಲ್ಲೋ, ಪುಟ್ಟಾ."

ಮೈಕಿನಲ್ಲಿ ಫೈನಲ್‌ಗೆ ಕರೆದರು. ಅವಳು ಗಾಡಿ ತಳ್ಳಿಕೊಂಡು ತನ್ನ ಟೆಂಟಿಗೆ ಹೋದಳು. ಹೆಲ್ಮೆಟ್ ಹಾಕಿಕೊಂಡೇ ಕ್ಯಾನ್ ಎತ್ತಿ ಟ್ಯಾಂಕಿಗೆ ಪೆಟ್ರೋಲ್ ಸುರಿದಳು. ಕಿಕ್ ಹೊಡೆದಳು. ಹೋದಳು.

ನಾನು ಗೂಳಿಯ ಕಿವಿ ಹಿಂಡಿದೆ.

"ಹೇಳ್ತೀನಿ, ಬಿಡಿ ಸರ್. ಅಧ್ಯಕ್ಷರು ಹೇಳಿದ್ರು. ಗಾಡಿ ತಗೊಂಡು ಒಂದಷ್ಟು ದೂರ ಓಡು, ಸಿಕ್ಕಿಹಾಕ್ಕೊಂಡ್ರೂ ಚಿಂತೆ ಇಲ್ಲ ಅಂದ್ರು."

ಸಿಕ್ಕಿಹಾಕಿಕೊಂಡರೂ ಚಿಂತೆ ಇಲ್ಲವಂತೆ...

ಅವನ ಕಿವಿ ಬಿಟ್ಟೆ. ಇವರಿಗೆ ಬೇಕಾಗಿದ್ದದ್ದು ಗಾಡಿ ಅಲ್ಲ. ಟೆಂಟು ಖಾಲಿಯಾಗಬೇಕಿತ್ತು. ನಾವಿಬ್ಬರೂ ಗಾಡಿಯ ಹಿಂದೆ ಓಡಿ ಖಾಲಿ ಮಾಡಿಕೊಟ್ಟಿದ್ದೆವು.

ಗೂಳಿಯನ್ನು ಅವನ ಮುಖದ ಬಟ್ಟೆಯಿಂದಲೇ ಟೈರಿನ ರಾಶಿಗೆ ಕಟ್ಟಿ ಟೆಂಟಿಗೆ ನುಗ್ಗಿದೆ. ಖಾಲಿ ಕ್ಯಾನ್ ಮೂಸಿದೆ. ಬರೀ ಪೆಟ್ರೋಲ್.

ಟೂ-ಸ್ಟ್ರೋಕ್ ಎಂಜಿನ್‌ಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಕಲಸಿ ಕುಡಿಸಬೇಕು. ಬೆಳಿಗ್ಗೆ ಅಕ್ಕ ತಾನೇ ಕಲಸಿಟ್ಟಿದ್ದಳು, ಟೆಂಟೆಲ್ಲ ಎಣ್ಣೆಯ ಘಾಟು ಹಿಡಿದಿತ್ತು. ಯಾರೋ ಅಂಥದ್ದೇ ಇನ್ನೊಂದು ಕ್ಯಾನ್ ತಂದಿಟ್ಟು ಅಕ್ಕನದನ್ನು ಎತ್ತಿಕೊಂಡು ಹೋಗಿದ್ದರು. ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ವೇಗದಲ್ಲಿದ್ದಾಗ ಹಾಗಾದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಸವಾರರು ಮಾತ್ರ ಮುಂದೆ ಹೋಗುತ್ತಾರೆ.

ಮೂಲೆಯಲ್ಲಿದ್ದ ಎಣ್ಣೆ ಬಾಟಲಿ ಎತ್ತಿಕೊಂಡು ತಿರುಗಿದೆ.

ಟೆಂಟಿನ ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಹೊಳೆಯುವ ಬೂಟು.

"ಎಲ್ಲಿಗೆ ಇಷ್ಟು ಅವಸರ?"

"ಕ್ಯಾನ್ ಬದಲಾಯಿಸಿದ್ದು ಗೊತ್ತಾಯ್ತು."

"ಸಾಕ್ಷಿ ಏನಿದೆ?"

"ನನ್ನ ಮೂಗು."

"ಮೂಗು ಮುರಿದ್ರೆ?"

"ಮುರಿಯೋಕೆ ಹತ್ರ ಬರಬೇಕಾಗುತ್ತೆ."

ಬಂದರು. ನಾನು ನೆಲಕ್ಕೆ ಹಾಸಿದ್ದ ಟಾರ್ಪಾಲಿನ ಮೇಲೆ ಸ್ವಲ್ಪ ಎಣ್ಣೆ ಚೆಲ್ಲಿದೆ. ಹೊಳೆಯುವ ಬೂಟು ಮುಂದೆ ಹೋಯಿತು. ಅಧ್ಯಕ್ಷರು ಕೂತರು. ಏಳಲು ನೋಡಿ ಮತ್ತೆ ಕೂತರು. ಅವರನ್ನು ದಾಟಿ ಹೊರಗೆ ಹಾರಿದೆ.

ಹೊರಗೆ ಅಳಿಯನ ಸ್ಪೇರ್ ಗಾಡಿ ನಿಂತಿತ್ತು. ಹತ್ತಿ ಕೂತೆ. ಬಟನ್ ಒತ್ತಿದೆ. ಸ್ಕ್ರೀನು ಪಾಸ್‌ವರ್ಡ್ ಕೇಳಿತು.

ಇಳಿದು ಓಡಿದೆ.

ಸ್ಟಾರ್ಟ್ ಗೆರೆಯಲ್ಲಿ ಗಾಡಿಗಳೆಲ್ಲ ಗುರುಗುಡುತ್ತಿದ್ದವು. ಬಾವುಟದ ಮೇಷ್ಟ್ರು ಬಾವುಟ ಎತ್ತುವುದರಲ್ಲಿದ್ದರು. ಡ್ರಿಲ್ ಮೇಷ್ಟ್ರಾಗಿ ರಿಟೈರ್ ಆದವರು, ಈಗಲೂ ಯಾರಿಗೂ ಕಾಯುವವರಲ್ಲ.

"ಅಕ್ಕಾ, ಟ್ಯಾಂಕ್ ತೆಗಿ."

"ಯಾಕೋ?"

"ಪೆಟ್ರೋಲಲ್ಲಿ ಎಣ್ಣೆ ಇಲ್ಲ."

ಅವಳು ಎರಡನೇ ಪ್ರಶ್ನೆ ಕೇಳಲಿಲ್ಲ. ಮುಚ್ಚಳ ತಿರುಗಿಸಿದಳು. "ನೋಡ್ಕೊಂಡು ಹಾಕು. ಸ್ವಲ್ಪ ಸಾಕು..."

ಬಾವುಟ ಮೇಲೆ ಹೋಯಿತು. ಅವಸರದಲ್ಲಿ ಪೂರ್ತಿ ಬಗ್ಗಿಸಿದೆ. ಬಾಟಲಿ ಗಟಗಟ ಅಂದಿತು.

"ಎಷ್ಟು ಹಾಕ್ದೆ?"

"ಇದ್ದದ್ದು ಪೂರ್ತಿ."

ಅವಳು ಅಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಅದರಲ್ಲಿ ನಮ್ಮಪ್ಪನ ಪ್ರಸ್ತಾಪವೂ ಬಂತು. ಅವರು ತನಗೂ ಅಪ್ಪನೇ ಅನ್ನುವುದನ್ನು ಆ ಕ್ಷಣ ಮರೆತಿದ್ದಳು. ಎಣ್ಣೆ ಬೆರೆಯಲಿ ಎಂದು ಸೊಂಟದಿಂದ ಗಾಡಿಯನ್ನು ಅತ್ತಿತ್ತ ಕುಲುಕಿದಳು. ಬಾವುಟ ಬಿತ್ತು.

ನೇರ ದಾರಿಯಲ್ಲಿ ಅಳಿಯ ಮುಂದೆ ಹೋದ. ಹೊಸ ಎಂಜಿನ್, ಕೇಳಬೇಕೆ? ಆದರೆ ತಿರುವಿನಲ್ಲಿ ಅವನು ಸ್ಕ್ರೀನು ನೋಡಿದ, ಅಕ್ಕ ನೆಲ ನೋಡಿದಳು. ಒಳಗಿನಿಂದ ನುಗ್ಗಿ ಮುಂದೆ ಬಂದಳು.

ಅಲ್ಲಿಂದ ಶುರುವಾಯಿತು ಹೊಗೆ.

ಹೊಗೆ ಅಂದರೆ ಹೊಗೆ... ಬಾಟಲಿ ಎಣ್ಣೆಯೆಲ್ಲ ಸೈಲೆನ್ಸರಿನಿಂದ ಹೊರಗೆ ಬಂತು. ಮೈದಾನದ ಅರ್ಧ ಮಾಯವಾಯಿತು. ಪ್ರೇಕ್ಷಕರು ಕೆಮ್ಮಿದರು. ಅಕ್ಕನನ್ನು ಹಿಂದೆ ಹಾಕಬೇಕಾದರೆ ಆ ಹೊಗೆಯೊಳಗೆ ಹೊಕ್ಕೇ ಹಾಕಬೇಕು. ಹೊಕ್ಕವರಲ್ಲಿ ಒಬ್ಬ ಪಾರ್ಕಿಂಗ್ ಜಾಗದಲ್ಲಿ ಹೊರಬಂದ. ಇನ್ನೊಬ್ಬ ಆಂಬುಲೆನ್ಸಿನ ಪಕ್ಕ ಹೊರಬಂದು, ಅನುಕೂಲವಾಯಿತೆಂದು ಅಲ್ಲೇ ಮಲಗಿದ. ಅಳಿಯ ಮಾತ್ರ ಹೊಗೆಯಲ್ಲಿ ತಡವರಿಸುತ್ತ, ಸ್ವಲ್ಪ ಹಿಂದೆಯೇ ಆದರೂ, ಬೆನ್ನು ಬಿಡಲಿಲ್ಲ.

ಕೊನೆಯ ಸುತ್ತು. ಕೊನೆಯ ಏರು. ಅದರ ತುದಿಯಲ್ಲಿ ಗೆರೆ.

ಅಕ್ಕನ ಎಂಜಿನ್ ಬಿಕ್ಕಳಿಸಿತು. ಎಣ್ಣೆ ಹೆಚ್ಚಾಗಿ ಸ್ಪಾರ್ಕ್ ಪ್ಲಗ್ ಕೊಳೆಯಾಗಿತ್ತು. ನನ್ನ ಕೈಯ ಕೆಲಸ. ಗೆರೆ ಕೂಗಳತೆಯಲ್ಲಿರುವಾಗ ಗಾಡಿ ನಿಂತೇ ಹೋಯಿತು.

ನಾನು ಬೇಲಿ ಹಿಡಿದುಕೊಂಡು ನಿಂತೆ. ಅಳು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಹೊಗೆಯಿಂದಲ್ಲ.

ಅಕ್ಕ ಕಿಕ್ ಹೊಡೆದಳು. ಇಲ್ಲ. ಮತ್ತೆ ಹೊಡೆದಳು. ಇಲ್ಲ. ಇನ್ನೊಮ್ಮೆ... ಸೋತ ಕಾಲು ಅರ್ಧಕ್ಕೇ ನಿಂತಿತು. ಎಂಜಿನ್ ಎದುರು ಒದೆಯಿತು. ಸ್ಟಾರ್ಟ್ ಆಯಿತು.

ಗೇರ್ ಹಾಕಿ ಕ್ಲಚ್ ಬಿಟ್ಟಳು. ಗಾಡಿ ಹಿಂದಕ್ಕೆ ಓಡಿತು.

ಟೂ-ಸ್ಟ್ರೋಕಿನ ಹಣೆಬರಹ ಇದು. ಅರೆಮನಸ್ಸಿನ ಕಿಕ್ ಬಿದ್ದರೆ ಎಂಜಿನ್ ಒಮ್ಮೊಮ್ಮೆ ಉಲ್ಟಾ ತಿರುಗಿ ಹತ್ತಿಕೊಳ್ಳುತ್ತದೆ. ಆಗ ಯಾವ ಗೇರ್ ಹಾಕಿದರೂ ಗಾಡಿ ಹಿಂದಕ್ಕೇ. ಎಂಜಿನ್ ಆರಿಸಿ ಮತ್ತೆ ಕಿಕ್ ಹೊಡೆಯಬೇಕು. ಆದರೆ ಆ ಪ್ಲಗ್ಗಿನಲ್ಲಿ ಮತ್ತೆ ಹತ್ತುತ್ತದೆ ಎನ್ನುವ ಭರವಸೆ ಏನು?

ಅಕ್ಕ ಆರಿಸಲಿಲ್ಲ. ಹ್ಯಾಂಡಲ್ ತಿರುಗಿಸಿದಳು. ಗಾಡಿಯ ಬೆನ್ನನ್ನು ಗೆರೆಯ ಕಡೆ ಮಾಡಿದಳು. ಕತ್ತು ಹೊರಳಿಸಿ, ಗೇಟಿನೊಳಗೆ ಕಾರು ರಿವರ್ಸ್ ತೆಗೆಯುವವಳ ಹಾಗೆ, ಏರು ಹತ್ತತೊಡಗಿದಳು.

ಆಗ ಅಳಿಯ ಹೊಗೆಯಿಂದ ಹೊರಗೆ ಬಂದ.

ಎದುರಿಗೆ ಅಕ್ಕನ ಗಾಡಿಯ ಮುಖ. ಹೆಡ್‌ಲೈಟು. ನಂಬರ್ ಪ್ಲೇಟು. ತನ್ನ ಕಡೆಗೇ ತಿರುಗಿದೆ.

ಬ್ರೇಕ್ ಹಾಕಿದ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಹೊಗೆಯೊಳಗೆ ತಾನೇ ದಿಕ್ಕು ತಪ್ಪಿ ಉಲ್ಟಾ ಬರುತ್ತಿದ್ದೇನೆ ಎಂದುಕೊಂಡ. ಗಾಡಿಯನ್ನು ಗರ್ರನೆ ತಿರುಗಿಸಿ, ಬಂದ ದಾರಿಯಲ್ಲೇ ಪೂರ್ತಿ ಸ್ಪೀಡಿನಲ್ಲಿ ಹೊರಟುಹೋದ.

ಬಹಳ ಚೆನ್ನಾಗಿ ಓಡಿಸಿದ. ಅದನ್ನು ಹೇಳಲೇಬೇಕು.

ಅಕ್ಕ ಗೆರೆ ದಾಟಿದಳು. ಮೇಷ್ಟ್ರು ಬಾವುಟ ಬೀಸಿದರು.

ಅಧ್ಯಕ್ಷರು ಓಡಿ ಬಂದರು. ಬಿಳಿ ಪ್ಯಾಂಟಿನ ಹಿಂಭಾಗ ಬಿಳಿಯಾಗಿ ಉಳಿದಿರಲಿಲ್ಲ.

"ಇದು ನಡೆಯಲ್ಲ ಮೇಷ್ಟ್ರೇ. ಅವಳು ಹಿಂದುಮುಂದಾಗಿ ಬಂದಿದ್ದಾಳೆ."

"ಬಂದ್ಲಲ್ಲ. ನಿಮ್ಮ ಅಳಿಯಂದಿರು ಎಲ್ಲಿ?"

ಎಲ್ಲರೂ ಹೊಗೆಯ ಕಡೆ ನೋಡಿದರು. ದೂರದಲ್ಲೆಲ್ಲೋ ಹೊಸ ಎಂಜಿನ್ನಿನ ಸದ್ದು. ಇನ್ನೂ ದೂರ ಹೋಗುತ್ತಿತ್ತು.

"ಅಧ್ಯಕ್ಷರು ಎಲ್ಲರ ಎದುರಿಗೆ ಮಾತು ಕೊಟ್ಟಿದ್ರು," ಎಂದು ಗುಂಪಿನಿಂದ ಯಾರೋ ಕೂಗಿದರು. ಹಳೆಯ ಗಾಡಿಯವರೆಲ್ಲ ಮುಂದೆ ಬಂದು ನಿಂತರು. ನಾನು ಗೂಳಿಯ ಕಿವಿ ಹಿಡಿದು ಅಧ್ಯಕ್ಷರ ಪಕ್ಕ ತಂದು ನಿಲ್ಲಿಸಿದೆ. ಗೂಳಿ ಬಾಯಿ ತೆರೆದ.

"ಇರ್ಲಿ, ಇರ್ಲಿ. ಮಾತು ಅಂದ್ರೆ ಮಾತು," ಅಂದರು ಅಧ್ಯಕ್ಷರು, ಅವನು ಒಂದಕ್ಷರ ಹೇಳುವ ಮೊದಲೇ.

ಅಕ್ಕ ಹೆಲ್ಮೆಟ್ ತೆಗೆದಳು. ಮುಖವೆಲ್ಲ ಮಸಿ. ನಗುತ್ತಿದ್ದಳು.

ಮರುದಿನ ಕ್ಲಬ್ಬಿನ ಬೋರ್ಡಿನಲ್ಲಿ ಹೊಸ ನಿಯಮ ಬಂತು. ಟೂ-ಸ್ಟ್ರೋಕ್ ಬಗ್ಗೆ ಒಂದು ಮಾತೂ ಇರಲಿಲ್ಲ. ಇನ್ನು ಮುಂದೆ ಗಾಡಿಗಳು ಮುಖ ಮುಂದೆ ಮಾಡಿಯೇ ಗೆರೆ ದಾಟತಕ್ಕದ್ದು, ಅಷ್ಟೇ.

ಮೈದಾನದ ಸುತ್ತ, ಪ್ರತಿ ತಿರುವಿನಲ್ಲೂ, ಬಾಣದ ಗುರುತು ಬರೆಸಿದ್ದರು. ದೊಡ್ಡದಾಗಿ. ಅಳಿಯಂದಿರಿಗೆ ಕಾಣುವ ಹಾಗೆ.